ಕೆವೈಸಿ ಇಲ್ಲದ ಪರಿಸರ ಪಾಠ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಯಾಂಕಿನ ಲೆಡ್ಜರು, ಕಂಪ್ಯೂಟರುಗಳ ಮಧ್ಯೆ ಕೂತವನು ನಾನು. ಓದಿದ್ದು ಬಿ.ಕಾಂ. ಹಕ್ಕಿ, ಮರ, ಪ್ರಾಣಿಗಳ ಬಗ್ಗೆ ಬರೆಯೋದಕ್ಕೆ ಇವನಿಗೇನು ಅರ್ಹತೆ ಅಂತ ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅರ್ಹತೆ ಒಂದೇ... ಒಂದು ತಪ್ಪು ಮಾಡಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಬೈಗುಳ ಆಮೇಲೆ.

1996ರಲ್ಲಿ ಟ್ರಾನ್ಸ್‌ಫರ್ ಆಗಿ ಮುಂಬಯಿಗೆ ಬಂದೆ. ಮೂರು ವರ್ಷ ಇದ್ದು ಊರಿಗೆ ವಾಪಸ್ ಹೋಗೋದು ಅಂತ ಅಂದುಕೊಂಡಿದ್ದೆ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ! ಈಗ ಮುಲುಂಡ್‌ನಲ್ಲಿ ಸ್ವಂತ ಫ್ಲ್ಯಾಟು, ಮಕ್ಕಳಿಗೆ ಕನ್ನಡಕ್ಕಿಂತ ಮರಾಠಿ ಚೆನ್ನಾಗಿ ಬರುತ್ತದೆ, ಮತ್ತು ನಾನು ನಮ್ಮ ಹೌಸಿಂಗ್ ಸೊಸೈಟಿಯ ಖಜಾಂಚಿ. ಬ್ಯಾಂಕಿನವನು ಸೊಸೈಟಿಯಲ್ಲಿದ್ದರೆ ಖಜಾಂಚಿ ಕೆಲಸ ಅವನ ಕೊರಳಿಗೇ ಬೀಳುತ್ತದೆ, ತಪ್ಪಿಸಿಕೊಳ್ಳೋಕೆ ಆಗಲ್ಲ.

ನಮ್ಮ ಕಾಂಪೌಂಡಿನಲ್ಲಿ ಎರಡು ದೊಡ್ಡ ರೇನ್ ಟ್ರೀಗಳಿವೆ. ಮಳೆ ಶುರುವಾದರೆ ಸಾಕು, ಅವುಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ. ಕೆಳಗೆ ನಿಲ್ಲಿಸಿದ ಕಾರುಗಳ ಮೇಲೆಲ್ಲ ಹಿಕ್ಕೆ. ವಾಸನೆ. ಕಳೆದ ವರ್ಷ ಜುಲೈನಲ್ಲಿ ಮೀಟಿಂಗ್ ಆಯಿತು. ಅಪಾಯಕಾರಿ ಕೊಂಬೆಗಳನ್ನು ಕತ್ತರಿಸಲು ಅನುಮತಿ ಹೇಗೂ ಇತ್ತು. ಅನುಮತಿ ಇದ್ದದ್ದು ನಾಲ್ಕು ಕೊಂಬೆಗೆ, ನಾವು ಕತ್ತರಿಸಿದ್ದು ಇಡೀ ತಲೆ. ಕಂಟ್ರಾಕ್ಟರನ ಚೆಕ್ಕಿಗೆ ಸಹಿ ಹಾಕಿದವನು ನಾನು. ಬಿಲ್ಲು ಸರಿಯಾಗಿದೆಯೇ ಅಂತ ಎರಡು ಸಲ ನೋಡಿದೆ. ಮರವನ್ನು ಒಂದು ಸಲವೂ ತಲೆಯೆತ್ತಿ ನೋಡಲಿಲ್ಲ.

ಅವತ್ತು ಸಂಜೆ ಬ್ಯಾಂಕಿನಿಂದ ಬಂದಾಗ ಕೆಳಗೆ ಮಕ್ಕಳೆಲ್ಲ ಗುಂಪಾಗಿ ನಿಂತಿದ್ದರು. ಒದ್ದೆ ನೆಲದ ಮೇಲೆ ಗೂಡಿನ ಕಡ್ಡಿಗಳು, ಒಡೆದ ಮೊಟ್ಟೆಗಳು, ರೆಕ್ಕೆ ಬಲಿಯದ ಮರಿಗಳು. ಕೆಲವು ಇನ್ನೂ ಬಾಯಿ ತೆರೆಯುತ್ತಿದ್ದವು. ನಮ್ಮ ಎದುರು ಮನೆಯ ಹುಡುಗಿ, ನಾಲ್ಕನೇ ಕ್ಲಾಸು, ಒಂದು ಮರಿಯನ್ನು ಶೂ ಡಬ್ಬದಲ್ಲಿಟ್ಟುಕೊಂಡು ನನ್ನ ಹತ್ತಿರ ಬಂದಳು. "ಕಾಕಾ, ಇದು ಯಾವ ಹಕ್ಕಿ? ಇದಕ್ಕೆ ತಿನ್ನೋಕೆ ಏನು ಕೊಡಬೇಕು?"

ನನಗೆ ಗೊತ್ತಿರಲಿಲ್ಲ. ಹತ್ತಿರ ನಿಂತಿದ್ದ ನಾಲ್ಕು ಜನ ದೊಡ್ಡವರಿಗೂ ಗೊತ್ತಿರಲಿಲ್ಲ. ಅವರಲ್ಲಿ ಒಬ್ಬರು ಎಂ.ಎಸ್ಸಿ. ಯಾರೋ ಹಾಲು ಕುಡಿಸಿ ಅಂದರು, ಇನ್ಯಾರೋ ಬ್ರೆಡ್ ಅಂದರು. ಮರಿ ರಾತ್ರಿ ಹತ್ತು ಗಂಟೆಯೊಳಗೆ ಸತ್ತುಹೋಯಿತು.

ಇದೇ ಹುಡುಗಿ ಅದಕ್ಕೆ ಒಂದು ತಿಂಗಳ ಮೊದಲು, ಜೂನ್ 5ರ ಪರಿಸರ ದಿನದ ಚಿತ್ರಸ್ಪರ್ಧೆಯಲ್ಲಿ ಮೊದಲನೇ ಬಹುಮಾನ ತಗೊಂಡಿದ್ದಳು. ವಿಷಯ 'ವನ್ಯಜೀವಿಗಳನ್ನು ಉಳಿಸಿ'. ಅವಳು ಬರೆದದ್ದು ಹುಲಿ. ಚೆನ್ನಾಗಿಯೇ ಬರೆದಿದ್ದಳು. ಆ ಚಿತ್ರ ಅವತ್ತೂ ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿನಲ್ಲಿ ನೇತಾಡುತ್ತಿತ್ತು. ನಾವು ಅದರ ಕೆಳಗೇ ಮರ ಕಡಿಯುವ ನೋಟಿಸೂ ಅಂಟಿಸಿದ್ದೆವು!

ಈಗ ವಿಷಯಕ್ಕೆ ಬರುತ್ತೇನೆ.

ಬ್ಯಾಂಕಿನಲ್ಲಿ ಕೆವೈಸಿ ಅಂತ ಒಂದಿದೆ, ನಿಮಗೆಲ್ಲ ಗೊತ್ತು. ನಿಮ್ಮ ಗಿರಾಕಿ ಯಾರು, ಎಲ್ಲಿರುತ್ತಾನೆ, ಏನು ಮಾಡುತ್ತಾನೆ ಅಂತ ತಿಳಿದುಕೊಳ್ಳದೆ ಅವನ ಹೆಸರಿನಲ್ಲಿ ಒಂದು ಖಾತೆಯನ್ನೂ ತೆರೆಯುವ ಹಾಗಿಲ್ಲ. ತೆರೆದರೆ ಆಡಿಟರ್ ಬಿಡೋದಿಲ್ಲ. ಆದರೆ ಶಾಲೆಯಲ್ಲಿ ನಾವು ಮಕ್ಕಳಿಗೆ ಏನು ಹೇಳುತ್ತಿದ್ದೇವೆ? ಕಾಪಾಡಿ, ಉಳಿಸಿ, ರಕ್ಷಿಸಿ. ಯಾರನ್ನು? ಹೆಸರು ಗೊತ್ತಿಲ್ಲ. ಎಲ್ಲಿರುತ್ತದೆ? ಗೊತ್ತಿಲ್ಲ. ಏನು ತಿನ್ನುತ್ತದೆ? ಗೊತ್ತಿಲ್ಲ. ಯಾವ ತಿಂಗಳು ಮರಿ ಮಾಡುತ್ತದೆ? ಅದೂ ಗೊತ್ತಿಲ್ಲ. ಮೂವತ್ತು ವರ್ಷದಿಂದ ನಮ್ಮ ದೇಶದ ಪರಿಸರ ಪಾಠ ಕೆವೈಸಿ ಇಲ್ಲದೆ ನಡೆಯುತ್ತಿದೆ. ಯಾವ ಆಡಿಟರನೂ ಕೇಳುತ್ತಿಲ್ಲ.

ಪಾಠ ಇಲ್ಲ ಅಂತ ಹೇಳುವಂತಿಲ್ಲ, ನೋಡಿ. 1991ರಲ್ಲೇ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು, ಪರಿಸರವನ್ನು ಶಾಲೆ ಕಾಲೇಜುಗಳಲ್ಲಿ ಕಡ್ಡಾಯ ವಿಷಯವಾಗಿ ಕಲಿಸಬೇಕು ಎಂದು ಹೇಳಿತು. 2003ರಲ್ಲಿ ಮತ್ತೆ ಚಾಟಿ ಬೀಸಿ, ಎನ್‌ಸಿಇಆರ್‌ಟಿ ಮಾದರಿ ಪಠ್ಯಕ್ರಮ ತಯಾರಿಸಬೇಕು, ರಾಜ್ಯಗಳು ಅದನ್ನು ಜಾರಿ ಮಾಡಬೇಕು ಎಂದಿತು. 2005ರ ಪಠ್ಯಕ್ರಮ ಚೌಕಟ್ಟಿನ ನಂತರ ಪ್ರೈಮರಿ ಮಕ್ಕಳಿಗೆ ಬಂದ ಹಿಂದಿ ಪರಿಸರ ಪುಸ್ತಕದ ಹೆಸರೇ 'ಆಸ್‌ಪಾಸ್'. ಅಂದರೆ ಸುತ್ತಮುತ್ತ! ಎಷ್ಟು ಒಳ್ಳೆಯ ಹೆಸರು. ಆದರೆ ನಾವೇನು ಮಾಡಿದೆವು? ಸುತ್ತಮುತ್ತ ಇರುವುದನ್ನು ನೋಡು ಅಂತ ಹೇಳುವ ಪುಸ್ತಕವನ್ನೇ ಕಿಟಕಿ ಮುಚ್ಚಿಕೊಂಡು ಬಾಯಿಪಾಠ ಮಾಡಿಸಿದೆವು. ನನ್ನ ಮಗನೇ ಅದನ್ನು ಪ್ರಶ್ನೋತ್ತರ ಮಾಡಿಕೊಂಡು ಓದಿದ. ಒಳ್ಳೆ ಮಾರ್ಕ್ಸೂ ಬಂತು. ನಾನು ಪೆನ್ನು ಕೊಡಿಸಿದೆ.

ಈಗ ಜುಲೈ ತಿಂಗಳ ವನಮಹೋತ್ಸವ ನೋಡಿ. 1950ರಲ್ಲಿ ಮುನ್ಶಿಯವರು ಶುರು ಮಾಡಿದ್ದು. ಶಾಲೆಯಲ್ಲಿ ಒಂದು ಸಸಿ, ಅದರ ಸುತ್ತ ಇಪ್ಪತ್ತು ಕೈ, ಒಂದು ಫೋಟೋ. ಮುಂದಿನ ಜುಲೈಗೆ ಅದೇ ಗುಂಡಿಯಲ್ಲಿ ಇನ್ನೊಂದು ಸಸಿ. ಗುಂಡಿ ಮಾತ್ರ ಹಳೆಯದು :-) ಯಾವ ಸಸಿ ಅಂತ ಮಕ್ಕಳನ್ನು ಕೇಳಿ. "ಪ್ಲ್ಯಾಂಟು" ಅನ್ನುತ್ತವೆ.

ನಮ್ಮ ಮುಂಬಯಿಯ ಮಕ್ಕಳಿಗೆ ನೋಡೋಕೆ ಏನಿದೆ, ಇದು ಕಾಂಕ್ರೀಟ್ ಕಾಡು ಅಂತ ಯಾರಾದರೂ ಹೇಳಿದರೆ ನನಗೆ ಈಗ ಸಿಟ್ಟು ಬರುತ್ತದೆ. ನನ್ನ ಮನೆಯ ಪಶ್ಚಿಮಕ್ಕೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಸುಮಾರು 104 ಚದರ ಕಿಲೋಮೀಟರ್ ಕಾಡು, ಒಳಗೆ ಚಿರತೆಗಳು. ಪೂರ್ವಕ್ಕೆ ಠಾಣೆ ಖಾರಿ. ಚಳಿಗಾಲದಿಂದ ಮಳೆಗಾಲದ ತನಕ ಸಾವಿರ ಸಾವಿರ ರಾಜಹಂಸಗಳು, ಅದೇ ಫ್ಲೆಮಿಂಗೋ, ಅಲ್ಲಿ ಬಂದು ಕೆಸರಿನಲ್ಲಿ ಮೇಯುತ್ತವೆ. 2015ರಲ್ಲಿ ಅದು ಅಭಯಾರಣ್ಯ ಆಯಿತು, 2022ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು. 2024ರ ಮೇ ತಿಂಗಳಲ್ಲಿ ಘಾಟ್ಕೋಪರ್ ಹತ್ತಿರ ಇಳಿಯುತ್ತಿದ್ದ ವಿಮಾನಕ್ಕೆ ಸಿಕ್ಕಿ ಮೂವತ್ತಕ್ಕೂ ಹೆಚ್ಚು ರಾಜಹಂಸಗಳು ಸತ್ತು ಬಿದ್ದಾಗ ನಮ್ಮ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು, "ಅರೆ, ಮುಂಬಯಿಯಲ್ಲಿ ಫ್ಲೆಮಿಂಗೋ ಇವೆಯಾ?" ಅಂತ ಕೇಳಿದರು. ಅವರು ಇಲ್ಲೇ ಹುಟ್ಟಿ ಬೆಳೆದವರು. ರೈಲಿನಲ್ಲಿ ಮೂರ್ನಾಲ್ಕು ಸ್ಟೇಷನ್ ದೂರದಲ್ಲಿದ್ದ ಹಕ್ಕಿ ಸತ್ತ ಮೇಲೆ ಪರಿಚಯ ಆಯಿತು.

ಹತ್ತಿರದ್ದು ಗೊತ್ತಿಲ್ಲದಿದ್ದರೆ ಬರೀ ಹಕ್ಕಿಗೆ ನಷ್ಟ ಅಂದುಕೊಳ್ಳಬೇಡಿ. ನಮಗೂ ಉಂಟು. ಚಿರತೆ ವಿಷಯವನ್ನೇ ತಗೊಳ್ಳಿ. 2004ರ ಸುಮಾರಿಗೆ ಇದೇ ಉದ್ಯಾನದ ಅಂಚಿನಲ್ಲಿ ಚಿರತೆ ದಾಳಿಗೆ ಎಷ್ಟೋ ಜನ ಸತ್ತರು. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು, ಹಿಡಿದು ಬೇರೆ ಕಡೆ ಬಿಡಿ ಅಂತ. ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಪುಣೆ ಜಿಲ್ಲೆಯ ಜುನ್ನರ್ ಭಾಗದಲ್ಲಿ ವಿದ್ಯಾ ಅತ್ರೇಯ ಮತ್ತವರ ಜೊತೆಯವರು ಅಧ್ಯಯನ ಮಾಡಿದಾಗ ಕಂಡದ್ದು, ಹೀಗೆ ಹಿಡಿದು ಬೇರೆಡೆ ಬಿಟ್ಟ ಮೇಲೆ ದಾಳಿಗಳು ಹೆಚ್ಚಾದವು ಅಂತ. 2011ರಿಂದ ಮುಂಬಯಿಯಲ್ಲಿ ಅರಣ್ಯ ಇಲಾಖೆ ಮತ್ತು ನಾಗರಿಕರು ಸೇರಿ ಜನಕ್ಕೆ ತಿಳಿಹೇಳುವ ಕೆಲಸ ಶುರು ಮಾಡಿದರು. ಕಸ ಬಿಸಾಡಿದರೆ ನಾಯಿ ಬರುತ್ತದೆ, ನಾಯಿ ಬಂದರೆ ಚಿರತೆ ಬರುತ್ತದೆ, ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ಇಷ್ಟೇ ಪಾಠ. ಹತ್ತು ನಿಮಿಷದ್ದು. ಉದ್ಯಾನದ ಅಂಚಿನಲ್ಲಿರುವ ಮಗುವಿಗೆ ಇದು ಜೀವ ಉಳಿಸುವ ಪಾಠ. ಆದರೆ ಪರೀಕ್ಷೆಯಲ್ಲಿ ಬರೋದು ಹಿಮಕರಡಿ!

ಇಷ್ಟೆಲ್ಲ ಹೇಳುವ ನಾನು ಇದನ್ನು ಮೊದಲ ಸಲ ಕಲಿತದ್ದು ಶಾಲೆಯಲ್ಲಿ ಅಲ್ಲ. ನಮ್ಮದು ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕು. ನನ್ನ ಸೋದರತ್ತೆಯ ಮನೆ ಇದ್ದದ್ದು ಕೊಕ್ಕರೆ ಬೆಳ್ಳೂರಿನ ಪಕ್ಕದಲ್ಲೇ. ಬೇಸಿಗೆ ರಜಕ್ಕೆ ಅಲ್ಲಿಗೆ ಹೋದರೆ ಊರೊಳಗಿನ ಹುಣಸೆ ಮರಗಳ ತುಂಬ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ. ಮನೆಗಳ ಮೇಲೇ ಗೂಡು. ಹಿಕ್ಕೆ, ಮೀನಿನ ವಾಸನೆ, ಗಲಾಟೆ ಎಲ್ಲ ಇತ್ತು. ಒಂದು ಸಲ ನಾನು ಕಲ್ಲು ಎತ್ತಿಕೊಂಡೆ. ಅತ್ತೆ ಓಡಿಬಂದು ಕೈಗೆ ಒಂದು ಬಾರಿಸಿದರು. "ಬಾಣಂತೀರು ಕಣ್ಲಾ ಅವು. ತವರಿಗ್ ಬಂದವೆ. ಕಲ್ಲು ಹೊಡೀತೀಯಾ?"

ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಆ ಎರಡು ಮಾತಿನಲ್ಲಿ ಕೆವೈಸಿ ಪೂರ್ತಿ ಇತ್ತು ನೋಡಿ. ಯಾರು ಬಂದಿದ್ದಾರೆ, ಯಾಕೆ ಬಂದಿದ್ದಾರೆ, ಈಗ ಯಾವ ಸ್ಥಿತಿಯಲ್ಲಿದ್ದಾರೆ, ನಮಗೂ ಅವರಿಗೂ ಏನು ಸಂಬಂಧ. ಆ ಊರಿನವರು ಹುಣಸೆ ಫಸಲು ಕಳೆದುಕೊಂಡರೂ ಮರ ಕಡಿಯಲಿಲ್ಲ. ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡರು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡಲು ಊರ ಹುಡುಗರೇ ಒಂದು ಬಳಗ ಕಟ್ಟಿಕೊಂಡರು. ಮರದ ಮಾಲೀಕರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಬರತೊಡಗಿತು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಸರ್ಕಾರ ಬರುವ ಎಷ್ಟೋ ಮೊದಲೇ ಜನ ಅದನ್ನು ಮೀಸಲಿಟ್ಟಿದ್ದರು.

ಆ ಅತ್ತೆಯ ಕೈಯಲ್ಲಿ ಏಟು ತಿಂದವನೇ ಮುಂಬಯಿಗೆ ಬಂದು ಗೂಡಿದ್ದ ಮರ ಕಡಿಸಿದ ಚೆಕ್ಕಿಗೆ ಸಹಿ ಹಾಕಿದ. ಇದನ್ನು ಬರೆಯೋಕೆ ನನಗೆ ಒಂದು ವರ್ಷ ಬೇಕಾಯಿತು.

ಆ ಮರಿ ಯಾವುದು ಅಂತ ಆಮೇಲೆ ತಿಳಿದುಕೊಂಡೆ. ಕೊಳದ ಬಕ. ಮರಾಠಿಯಲ್ಲಿ ಢೋಕರಿ ಅನ್ನುತ್ತಾರೆ. ಹೇಳಿಕೊಟ್ಟವರು ಪ್ರೊಫೆಸರ್ ಅಲ್ಲ, ನಮ್ಮ ಸೊಸೈಟಿಯ ಮಾಲಿ. ಎರಡು ಹಕ್ಕಿಗಳು ಸೇರಿ ಗೂಡು ಕಟ್ಟುವುದನ್ನು, ಗಟಾರದ ಪಕ್ಕ ನಿಂತು ಕಪ್ಪೆ, ಮೀನು ಹಿಡಿಯುವುದನ್ನು ಅವರು ವರ್ಷಾ ವರ್ಷ ನೋಡಿದ್ದರು. ಮೀಟಿಂಗಿಗೆ ಮೊದಲು ಅವರನ್ನು ನಾವು ಕೇಳಲೇ ಇಲ್ಲ. ಕೂತಿದ್ದಾಗ ಕೆಸರಿನ ಬಣ್ಣ, ಹಾರಿದ ಕ್ಷಣ ಬೆಳ್ಳಗೆ ರೆಕ್ಕೆ ಬಿಚ್ಚುವ ಹಕ್ಕಿ ಅದು. ಇಷ್ಟು ದೊಡ್ಡ ಮ್ಯಾಜಿಕ್ ಮಕ್ಕಳ ಸ್ಕೂಲ್ ಬಸ್ ನಿಲ್ಲುವ ಜಾಗದಲ್ಲಿ ದಿನಾ ಪುಕ್ಕಟೆ ನಡೆಯುತ್ತಿದೆ. ನಾವು ಮಕ್ಕಳಿಗೆ ಆಫ್ರಿಕಾದ ಸಿಂಹದ ವೀಡಿಯೋ ತೋರಿಸುತ್ತಿದ್ದೇವೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅನ್ನುವ ಪದಕ್ಕೆ ಏನು ಅರ್ಥ ಕೊಟ್ಟಿದ್ದಾರೆ ಅಂತಲೂ ಆಮೇಲೆ ಓದಿದೆ. ಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು, ಗೂಡನ್ನು ಕದಡುವುದು ಕೂಡ ಅದರೊಳಗೇ ಬರುತ್ತದೆ. ಬಂದೂಕು ಹಿಡಿದವನು ಮಾತ್ರ ಬೇಟೆಗಾರ ಅಂದುಕೊಂಡಿದ್ದೆ. ಬಾಲ್‌ಪೆನ್ ಹಿಡಿದವನೂ ಆಗಬಹುದು.

ಇಷ್ಟಾದ ಮೇಲೆ ಹತ್ತಿರದ ಒಂದು ಶಾಲೆಗೆ ಹೋಗಿ ಮಾತಾಡಿದೆ. ವಾರಕ್ಕೆ ಒಂದು ಪೀರಿಯಡ್ ಮಕ್ಕಳನ್ನು ಗೇಟಿನ ಹೊರಗೆ ಕರೆದುಕೊಂಡು ಹೋಗಿ ಅಂತ ಕೇಳಿದೆ. ಸಿಕ್ಕ ಉತ್ತರಗಳು ಮೂರು. ಅವು ಆ ಒಂದು ಶಾಲೆಯವು ಮಾತ್ರ ಅಲ್ಲ, ಎಲ್ಲ ಕಡೆ ಕೇಳಿಬರುವಂಥವೇ.

ಒಂದು, ಪೋರ್ಶನ್ ಮುಗಿಯೋದಿಲ್ಲ. ಸ್ವಾಮಿ, ಪರಿಸರ ವಿಜ್ಞಾನವೇ ಪೋರ್ಶನ್ ಅಲ್ಲವೇ? ಅದೇ ಪೀರಿಯಡ್ಡನ್ನು ಮರದ ಕೆಳಗೆ ಮಾಡಿ ಅಂತ ಕೇಳುತ್ತಿದ್ದೇನೆ, ಹೊಸ ಪೀರಿಯಡ್ ಕೇಳುತ್ತಿಲ್ಲ. 2020ರ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯ ಮಕ್ಕಳಿಗೆ 10 ದಿನ ಬ್ಯಾಗಿಲ್ಲದೆ, ಬಡಗಿ, ಕುಂಬಾರ, ತೋಟದ ಮಾಲಿಯಂಥವರ ಹತ್ತಿರ ಕಲಿಯಲಿ ಅಂತ ಬರೆದಿದ್ದಾರೆ. ಮಾಲಿಯ ಹೆಸರು ಸರ್ಕಾರಿ ಕಾಗದದಲ್ಲೇ ಇದೆ. ಕರೆಯಬೇಕಾದವರು ನೀವು.

ಎರಡು, ಏನಾದರೂ ಕಚ್ಚಿದರೆ ಪೇರೆಂಟ್ಸ್ ಸುಮ್ಮನೆ ಬಿಡ್ತಾರಾ? ಇದು ನಿಜವಾದ ಭಯ, ನಾನು ತಳ್ಳಿಹಾಕುವುದಿಲ್ಲ. ಆದರೆ ಯಾವ ಹಾವು ವಿಷದ್ದು, ಯಾವುದು ಕೇರೆ ಹಾವು, ಕಂಡರೆ ಎಷ್ಟು ದೂರ ನಿಲ್ಲಬೇಕು, ಯಾರಿಗೆ ಹೇಳಬೇಕು ಅಂತ ಗೊತ್ತಿರುವ ಮಗು ಹೆಚ್ಚು ಸುರಕ್ಷಿತವೋ, ಹಾವು ಕಂಡರೆ ಕಲ್ಲು ಹುಡುಕುವ ಮಗುವೋ? ಇಲಿ ತಿನ್ನುವ ಕೇರೆ ಹಾವನ್ನು ಸೊಸೈಟಿಯವರೆಲ್ಲ ಸೇರಿ ಕೊಂದು, ಆಮೇಲೆ ಇಲಿಗೆ ಪೆಸ್ಟ್ ಕಂಟ್ರೋಲಿನವರನ್ನು ಕರೆಸಿ ದುಡ್ಡು ಕೊಟ್ಟದ್ದೂ ನನ್ನ ಲೆಡ್ಜರಿನಲ್ಲಿದೆ.

ಮೂರು, ನಮ್ಮ ಟೀಚರಿಗೇ ಹಕ್ಕಿಗಳ ಹೆಸರು ಗೊತ್ತಿಲ್ಲ ಸಾರ್. ಇದು ಪ್ರಾಮಾಣಿಕ ಉತ್ತರ. ಇದಕ್ಕೆ ಇದೇ ಮುಂಬಯಿಯ ಒಂದು ಕಥೆ ಹೇಳುತ್ತೇನೆ. ಇಲ್ಲಿ ಒಬ್ಬ ಬಾಲಕ ಏರ್‌ಗನ್ನಿನಿಂದ ಒಂದು ಗುಬ್ಬಿ ಹೊಡೆದ. ಗಂಟಲಿನ ಹತ್ತಿರ ಹಳದಿ ಮಚ್ಚೆ ಇತ್ತು. ಇದೇನು ಅಂತ ಕೇಳೋಕೆ 1883ರಲ್ಲಿ ಶುರುವಾಗಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ. ಅಲ್ಲಿನ ಗೌರವ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬುವರು ಹುಡುಗನನ್ನು ಓಡಿಸಲಿಲ್ಲ. ಹಕ್ಕಿಯ ಹೆಸರು ಹೇಳಿ, ಸೊಸೈಟಿಯ ಸಂಗ್ರಹದ ಡ್ರಾಯರುಗಳನ್ನು ಒಂದೊಂದಾಗಿ ತೆಗೆದು ತೋರಿಸಿದರು. ಆ ಹುಡುಗನೇ ಸಲೀಂ ಅಲಿ. ಅವರೇ ಮುಂದೆ ಮೈಸೂರಿನ ಮಹಾರಾಜರಿಗೆ ಹೇಳಿ 1940ರಲ್ಲಿ ನಮ್ಮ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿಸಿದರು. ಗುಬ್ಬಿ ಕೊಂದ ಹುಡುಗ ಒಂದು ಸರಿಯಾದ ಉತ್ತರ ಸಿಕ್ಕಿದ್ದಕ್ಕೆ ಎಲ್ಲಿಗೆ ಮುಟ್ಟಿದ ನೋಡಿ. ಶೂ ಡಬ್ಬ ಹಿಡಿದು ಬಂದ ಹುಡುಗಿಗೆ ನನ್ನಿಂದ ಸಿಕ್ಕಿದ್ದು ಏನು? "ಯಾವುದೋ ಹಕ್ಕಿ ಪುಟ್ಟಾ."

ಟೀಚರಿಗೆ ಎಲ್ಲ ಗೊತ್ತಿರಬೇಕಾಗಿಲ್ಲ. ಗೊತ್ತಿರುವವರನ್ನು ಕರೆದರೆ ಸಾಕು. ಮಾಲಿಗೆ ಗೊತ್ತು. ಖಾರಿಯಲ್ಲಿ ಮೀನು ಹಿಡಿಯುವ ಕೋಳಿ ಜನಕ್ಕೆ ಗೊತ್ತು. ಉದ್ಯಾನದ ಒಳಗಿನ ಪಾಡಾಗಳಲ್ಲಿರುವ ವಾರ್ಲಿ ಅಜ್ಜಿಯರಿಗೆ ಗೊತ್ತು. ಇವರನ್ನು ಕುರ್ಚಿ ಹಾಕಿ ಕೂರಿಸಿ, ಶಾಲು ಹೊದಿಸಿ, ಮಕ್ಕಳಿಗೆ ಪಾಠ ಹೇಳಿಸಿ. ಹೊರನಾಡಿನ ಕನ್ನಡಿಗರು ನಾವೂ ರಜದಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಮಾಲ್‌ಗೆ ಕರೆದುಕೊಂಡು ಹೋಗುವ ಬದಲು ಅಜ್ಜಿಯ ಜೊತೆ ಹಿತ್ತಲಲ್ಲಿ ಬಿಡೋಣ. ಭಾಷೆಯೂ ಬರುತ್ತದೆ. ಗಿಡ, ಹಕ್ಕಿಯ ಹೆಸರು ಹೋದ ಮನೆಯಲ್ಲಿ ಕನ್ನಡ ಬಹಳ ದಿನ ಉಳಿಯೋದಿಲ್ಲ ಅನ್ನೋದು ನನ್ನ ಮನೆಯ ಅನುಭವ.

ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಶಾಲೆಯೂ ತನ್ನ ಗೇಟಿನಿಂದ ಅರ್ಧ ಕಿಲೋಮೀಟರಿನೊಳಗಿನ ಹತ್ತು ಮರ, ಹತ್ತು ಹಕ್ಕಿ, ಐದು ಹುಳು ಹುಪ್ಪಟೆಯ ಒಂದು ಪಟ್ಟಿ ಮಾಡಲಿ. ಮಗುವಿನ ಮನೆಭಾಷೆಯಲ್ಲೂ ಹೆಸರಿರಲಿ. ಯಾವ ತಿಂಗಳು ಹೂವು, ಯಾವ ತಿಂಗಳು ಗೂಡು ಅಂತ ಮಕ್ಕಳೇ ವರ್ಷಪೂರ್ತಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ದಯವಿಟ್ಟು ಅದಕ್ಕೆ ಮಾರ್ಕ್ಸ್ ಕೊಡಬೇಡಿ. ಕೊಟ್ಟ ದಿನವೇ ಅಪ್ಪ ಅಮ್ಮ ಕೂತು ಬರೆದುಕೊಡಲು ಶುರು ಮಾಡುತ್ತಾರೆ. ಹುಲಿಯ ಚಿತ್ರ ಬೇಡ ಅಂತ ನಾನು ಹೇಳುತ್ತಿಲ್ಲ. ಹುಲಿಗೆ ಮೊದಲು ಕಾಗೆ ಬರಲಿ. ಹತ್ತಿರದ್ದನ್ನು ಗುರುತಿಸಿದ ಮಗು ದೂರದ್ದನ್ನೂ ಕಾಪಾಡೀತು.

ಜೊತೆಗೆ ಇದೂ ಆಗಬೇಕು. ಆ ಪಟ್ಟಿಯ ಒಂದು ಪ್ರತಿ ಸುತ್ತಲಿನ ಸೊಸೈಟಿಗಳಿಗೆ ಬರಲಿ. ಯಾಕೆಂದರೆ ಮರ ಕಡಿಸುವವರು ಮಕ್ಕಳಲ್ಲ. ಚೆಕ್ಕಿಗೆ ಸಹಿ ಹಾಕುವವರೂ ಮಕ್ಕಳಲ್ಲ. ಎಲ್ಲ ಜವಾಬ್ದಾರಿಯನ್ನೂ ನಾಲ್ಕನೇ ಕ್ಲಾಸಿನವರ ತಲೆಗೆ ಕಟ್ಟಿ, ಭೂಮಿ ನಿಮ್ಮ ಕೈಯಲ್ಲಿದೆ ಅಂತ ಭಾಷಣ ಮಾಡಿ, ನಾವು ಹಾಯಾಗಿ ಕಾರು ತೊಳೆಯುತ್ತಿದ್ದೇವೆ.

ನಮ್ಮ ಸೊಸೈಟಿಯಲ್ಲಿ ಈ ವರ್ಷ ಒಂದು ಠರಾವು ಮಾಡಿಸಿದೆ. ಜೂನ್‌ನಿಂದ ಅಕ್ಟೋಬರ್ ತನಕ, ಬೀಳುವಂತಿರುವ ಕೊಂಬೆ ಬಿಟ್ಟು ಬೇರೆ ಯಾವುದನ್ನೂ ಮುಟ್ಟುವಂತಿಲ್ಲ. ಕಾರುಗಳಿಗೆ ಕವರ್ ಹಾಕಿಕೊಳ್ಳಬೇಕು. ಒಂದು ಓಟಿನಿಂದ ಪಾಸಾಯಿತು, ಅದೂ ನಮ್ಮವಳು ಮೂರು ಮನೆಗೆ ಹೋಗಿ ಚಹಾ ಕುಡಿದು ಬಂದ ಮೇಲೆ. ಮರ ಚಿಗುರಿದೆ, ಆದರೆ ಗೂಡಿಗೆ ಆಗುವಷ್ಟು ಕೊಂಬೆ ಇನ್ನೂ ಬಂದಿಲ್ಲ. ಈ ಮಳೆಗಾಲ ಹಕ್ಕಿಗಳು ಬಂದು ಎರಡು ದಿನ ಕೂತು ನೋಡಿ ಹೋದವು. ಎದುರು ಮನೆಯ ಹುಡುಗಿ ಈ ಸಲ ಚಿತ್ರಸ್ಪರ್ಧೆಗೆ ಹೆಸರು ಕೊಡಲಿಲ್ಲ. ಯಾಕಮ್ಮಾ ಅಂತ ಕೇಳಿದೆ. ಸುಮ್ಮನೆ ಅಂದಳು. ನಾನೂ ಹೆಚ್ಚು ಕೇಳಲಿಲ್ಲ.

ನೀವು ಎಲ್ಲೇ ಇರಿ, ಪುಣೆಯಲ್ಲೋ, ಚೆನ್ನೈನಲ್ಲೋ, ದೆಹಲಿಯಲ್ಲೋ, ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಗುವನ್ನೋ ಮೊಮ್ಮಗುವನ್ನೋ ಕೇಳಿ, ನಮ್ಮ ಕಿಟಕಿಯಿಂದ ಕಾಣುವ ಐದು ಹಕ್ಕಿಗಳ ಹೆಸರು ಹೇಳು ಅಂತ. ಕೇಳುವ ಮೊದಲು ನೀವು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನನಗೆ ಕಳೆದ ವರ್ಷ ಮೂರೇ ಬಂದಿದ್ದವು, ಕಾಗೆ, ಪಾರಿವಾಳ, ಗುಬ್ಬಿ. ಈಗ ಹನ್ನೊಂದು ಬರುತ್ತವೆ. ಎಂಟನ್ನು ಹೇಳಿಕೊಟ್ಟವರು ನಮ್ಮ ಮಾಲಿ.